ಕಿಯಾಂಗಾನ್ ಊರಿನ ಪರಿಚಯ ಬರೆದದ್ದು: ನನ್ನ ಅನುಭವ

ಫಿಲಿಪ್ಪೀನ್ಸ್ ಅಂದರೆ ನಮ್ಮ ಕಡೆ ನೆನಪಾಗುವುದು ಮನಿಲಾ, ಇಲ್ಲವೇ ಅಲ್ಲಿಗೆ ಎಂಬಿಬಿಎಸ್ ಓದಲು ಹೋದ ಪಕ್ಕದ ಮನೆಯ ಹುಡುಗ. ನಾನು ಅಲ್ಲಿ ಲಾಸ್ ಬಾನ್ಯೋಸ್‌ನಲ್ಲಿ ಭತ್ತದ ಸಂಶೋಧನೆಯ ಕೆಲಸದಲ್ಲಿದ್ದವನು. ಶಿರಸಿ ಕಡೆಯ ಕೆಲವು ತೋಟಿಗರು, ಹೆಚ್ಚಿನವರು ನೆಂಟರೇ, ಇಫುಗಾವೊ ಪ್ರಾಂತ್ಯದ ಮೆಟ್ಟಿಲು ಗದ್ದೆ ನೋಡಲು ಬರುತ್ತೇವೆ ಎಂದಾಗ, ಅವರ ಕೈಗೆ ಕೊಡಲು ಒಂದು ಊರಿನ ಪರಿಚಯವನ್ನು ಕನ್ನಡದಲ್ಲಿ ಬರೆದೆ. ಅದನ್ನು ಬರೆದ ಬಗೆಯೇ ಇಲ್ಲಿನ ವಿಷಯ.

ಊರಿನ ಆಯ್ಕೆಯಲ್ಲಿ ಮೊದಲ ತಕರಾರು ಬಂತು. ಎಲ್ಲರ ಬಾಯಲ್ಲೂ ಬನಾವೆ. ಅಂಚೆಚೀಟಿ, ನೋಟು, ಪೋಸ್ಟರುಗಳಿಂದ ಪರಿಚಿತವಾದ ನೋಟ ಅಲ್ಲಿಯದು. ಆದರೆ ಯುನೆಸ್ಕೋ 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಐದು ಗದ್ದೆ ಸಮೂಹಗಳಲ್ಲಿ ಆ ವ್ಯೂ ಪಾಯಿಂಟಿನ ಗದ್ದೆಗಳಿಲ್ಲ. ಬನಾವೆಗೆ ಸೇರಿದ ಬಟಾಡ್ ಮತ್ತು ಬಂಗಾನ್, ಹುಂಗ್ದುವಾನ್, ಮಯೊಯಾವೊ, ಕಿಯಾಂಗಾನಿನ ನಾಗಕದಾನ್ — ಇವೇ ಆ ಐದು. ನಾನು ಕಿಯಾಂಗಾನ್ ಹಿಡಿದೆ. ಪ್ರವಾಸಿಗರು ಕಡಿಮೆ, ಮಾತಾಡಲು ಜನರಿಗೆ ಪುರುಸೊತ್ತು ಹೆಚ್ಚು, ಚರಿತ್ರೆಯೂ ಅಲ್ಲೇ ದಟ್ಟ.

ಶುರು ಮಾಡಿದ್ದು ಮುನಿಸಿಪಲ್ ಕಚೇರಿಯಿಂದ. ಹೆಸರು ಕೇಳಿ ಪಟ್ಟಣ ಎಂದುಕೊಳ್ಳಬೇಡಿ. ಅಲ್ಲಿನ ಮುನಿಸಿಪಾಲಿಟಿ ನಮ್ಮ ತಾಲೂಕಿಗಿಂತ ಚಿಕ್ಕದು, ಗ್ರಾಮ ಪಂಚಾಯಿತಿಗಿಂತ ದೊಡ್ಡದು. ಕಾಡು, ಗದ್ದೆ, ಹೊಳೆ ಎಲ್ಲ ಅದರ ಗಡಿಯೊಳಗೇ. ಕಿಯಾಂಗಾನಿನಲ್ಲಿ 14 ಬರಂಗಾಯ್‌ಗಳಿವೆ. ಬರಂಗಾಯ್ ಆಡಳಿತದ ಕಟ್ಟಕಡೆಯ ಘಟಕ, ಅದಕ್ಕೊಬ್ಬ ಚುನಾಯಿತ ಕ್ಯಾಪ್ಟನ್. ಮೇಲೆ ಮೇಯರ್, ಅವರನ್ನೂ ಜನ ನೇರವಾಗಿ ಆರಿಸುತ್ತಾರೆ, ಮೂರು ವರ್ಷಕ್ಕೆ. ಕಚೇರಿಯ ಪ್ರೊಫೈಲ್ ಕಡತದಲ್ಲಿ ಜನಸಂಖ್ಯೆ, ರಸ್ತೆ, ಶಾಲೆ ಎಲ್ಲ ಸಿಗುತ್ತದೆ. ಅದನ್ನು ಇದ್ದ ಹಾಗೆ ಕನ್ನಡಕ್ಕೆ ಇಳಿಸಿದ್ದರೆ ಯಾರೂ ಎರಡನೇ ಪುಟ ತಿರುಗಿಸುತ್ತಿರಲಿಲ್ಲ.

ಚರಿತ್ರೆಯಲ್ಲಿ ನಮ್ಮವರಿಗೆ ಮೊದಲು ಹೇಳಬೇಕೆನಿಸಿದ್ದು ಯುದ್ಧದ ಕಥೆ. ಜಪಾನಿನ ಜನರಲ್ ಯಮಾಶಿತ, ಸಿಂಗಾಪುರದಲ್ಲಿ ಬ್ರಿಟಿಷರನ್ನು ಮಣಿಸಿದವನು, ಕೊನೆಗೆ ಹುಂಗ್ದುವಾನಿನ ಬೆಟ್ಟಗಳಲ್ಲಿ ಅಡಗಿದ್ದ. 1945ರ ಸೆಪ್ಟೆಂಬರ್ 2ರಂದು ಇಳಿದು ಬಂದು ಅಮೆರಿಕನ್ನರಿಗೆ ಸಿಕ್ಕಿದ್ದು ಇದೇ ಕಿಯಾಂಗಾನಿನಲ್ಲಿ. ಮರುದಿನ ಬಾಗಿಯೊದಲ್ಲಿ ಶರಣಾಗತಿಗೆ ಸಹಿ. 1946ರ ಫೆಬ್ರವರಿಯಲ್ಲಿ ಅವನನ್ನು ಗಲ್ಲಿಗೇರಿಸಿದ್ದು ನಾನಿದ್ದ ಲಾಸ್ ಬಾನ್ಯೋಸ್‌ನಲ್ಲಿ. ಊರಲ್ಲಿ ದೊಡ್ಡ ಯುದ್ಧ ಸ್ಮಾರಕವಿದೆ. ಮೆಟ್ಟಿಲು ಹತ್ತಿ ನಿಂತರೆ ಸುತ್ತಲಿನ ಬೆಟ್ಟ ಚೆನ್ನಾಗಿ ಕಾಣುತ್ತದೆ ಎನ್ನುವುದನ್ನು ಬಿಟ್ಟು ಅದರ ಬಗ್ಗೆ ನನಗೆ ಹೆಚ್ಚೇನೂ ಬರೆಯಬೇಕೆನಿಸಲಿಲ್ಲ.

ನಿಜವಾದ ಪೇಚಾಟ ಗದ್ದೆಗಳ ವಯಸ್ಸಿನದು. ಅಮೆರಿಕದ ಮಾನವಶಾಸ್ತ್ರಜ್ಞ ಒಟ್ಲಿ ಬೇಯರ್ ಕಳೆದ ಶತಮಾನದಲ್ಲಿ ಇವನ್ನು ಎರಡು ಮೂರು ಸಾವಿರ ವರ್ಷ ಹಳೆಯವು ಎಂದಿದ್ದರು. ಇಷ್ಟು ಗೋಡೆ ಕಟ್ಟಲು ಎಷ್ಟು ಕಾಲ ಬೇಕು ಎಂಬ ಅಂದಾಜೇ ಆಧಾರ, ಉತ್ಖನನದ್ದಲ್ಲ. ಶಾಲೆಯ ಪುಸ್ತಕದಲ್ಲೂ ಬಸ್ಸಿನ ಬ್ರೋಷರಿನಲ್ಲೂ ಅದೇ ‘2000 ವರ್ಷ’. ಇತ್ತೀಚೆಗೆ ಪುರಾತತ್ವಜ್ಞ ಸ್ಟೀಫನ್ ಅಕಬಾಡೊ ಅವರ ತಂಡ ಸ್ಥಳೀಯರನ್ನೂ ಸೇರಿಸಿಕೊಂಡು ಹಳೇ ಕಿಯಾಂಗಾನ್ ಎಂಬ ನಿವೇಶನವನ್ನು ಅಗೆಯಿತು. ಸಿಕ್ಕ ಪುರಾವೆಗಳು ಬೇರೆಯೇ ಹೇಳಿದವು: ಮೊದಲು ಇಲ್ಲಿ ಕೆಸು ಬೆಳೆಯುತ್ತಿದ್ದರು, ನೀರು ನಿಲ್ಲಿಸಿದ ಭತ್ತದ ಗದ್ದೆ ಹಬ್ಬಿದ್ದು ಸ್ಪೇನಿನವರು ಕೆಳಗಿನ ಕಣಿವೆಗೆ ಬಂದ ಮೇಲೆ, ಅಂದರೆ ಸುಮಾರು 400 ವರ್ಷಗಳಿಂದೀಚೆಗೆ. ಎಲ್ಲರೂ ಒಪ್ಪಿಲ್ಲ. ಊರಿನ ಕೆಲವರಿಗಂತೂ ಇದು ಅಜ್ಜನ ಆಸ್ತಿಗೆ ಕತ್ತರಿ ಹಾಕಿದ ಹಾಗೆ. ನಾನು ಎರಡೂ ವಾದ ಕೊಟ್ಟು, ನನ್ನ ಒಲವು 400ರ ಕಡೆಗೆ ಎಂದು ಬರೆದೆ. ಸಾಮ್ರಾಜ್ಯವೊಂದು ಕೆಳಗೆ ಕಾದು ಕೂತಿರುವಾಗ ಕೆಲವೇ ತಲೆಮಾರುಗಳಲ್ಲಿ ಬೆಟ್ಟವನ್ನೇ ಗದ್ದೆ ಮಾಡಿದ್ದು ಸಣ್ಣ ಮಾತೇ?

ಊರಿನ ಹಿರಿಯರ ಹತ್ತಿರ ಚರಿತ್ರೆ ಕೇಳಿದರೆ ಮಾತು ಬೇಗ ಮುಗಿಯುತ್ತದೆ, ಇಲ್ಲವೇ ಶಾಲೆಯ ಪುಸ್ತಕವೇ ವಾಪಸ್ ಬರುತ್ತದೆ. ‘ಈ ಗದ್ದೆಗೆ ನೀರು ಎಲ್ಲಿಂದ?’ ಎಂದು ಕೇಳಿ ನೋಡಿ, ಸಂಜೆಯಾದರೂ ಮುಗಿಯುವುದಿಲ್ಲ. ಇನ್ನೊಂದು ಉಪಾಯ ಕವಳ. ಇಫುಗಾವೊ ಜನ ಅಡಿಕೆ, ಎಲೆ, ಸುಣ್ಣ ಹಾಕಿ ಜಗಿಯುವುದರಲ್ಲಿ ನಮ್ಮವರಿಗೆ ಏನೂ ಕಡಿಮೆಯಿಲ್ಲ. ಎದುರಿಗಿಟ್ಟ ಕವಳವನ್ನು ಕೈ ನಡುಗದೆ ಮಡಿಸಿ ಬಾಯಿಗಿಟ್ಟ ಪರದೇಶಿಯನ್ನು ಕಂಡು ಜಗಲಿಯಲ್ಲಿ ನಗು, ಆಮೇಲೆ ಮಾತು.

ಹೀಗೆ ಸಿಕ್ಕಿದ್ದೇ ಮುಯೊಂಗ್. ಗದ್ದೆಗಳ ನೆತ್ತಿಯ ಮೇಲೆ ಮನೆತನಕ್ಕೊಂದು ಕಾಡು. ಕೆಳಗೆ ಗದ್ದೆ ಇರುವವರೇ ಅದರ ಒಡೆಯರು, ಕಾಯುವ ಹೊಣೆಯೂ ಅವರದೇ. ಸೌದೆ, ಮನೆಯ ಮರಮಟ್ಟು, ಬೆತ್ತ ಅಲ್ಲಿಂದ. ಎಲ್ಲಕ್ಕಿಂತ ಮುಖ್ಯವಾಗಿ ನೀರು ಅಲ್ಲಿಂದ. ಇದನ್ನು ವಿವರಿಸಲು ನಾನು ಒದ್ದಾಡಬೇಕಾಗಲಿಲ್ಲ. ‘ನಮ್ಮ ಸೊಪ್ಪಿನ ಬೆಟ್ಟದ ಹಾಗೆ’ ಎಂದು ಒಂದು ಸಾಲು ಬರೆದೆ; ಅಡಿಕೆ ತೋಟಕ್ಕೆ ಸೊಪ್ಪು ತರಲು ತೋಟಿಗರಿಗೆ ಬಿಟ್ಟ ಕಾಡು ಅದು, ಶಿರಸಿಯವರಿಗೆ ಅಷ್ಟು ಸಾಕು.

ಒಂದು ಗದ್ದೆಯ ಒಂದು ವರ್ಷವನ್ನೇ ಪರಿಚಯದ ಬೆನ್ನೆಲುಬು ಮಾಡಿಕೊಂಡೆ. ತಿನಾವೊನ್ ಎಂಬ ನಾಡ ಭತ್ತ ವರ್ಷಕ್ಕೆ ಒಂದೇ ಬೆಳೆ. ವರ್ಷದ ಕೊನೆಗೆ ಸಸಿಮಡಿ, ಹೊಸ ವರ್ಷ ಹುಟ್ಟಿದ ಮೇಲೆ ನಾಟಿ, ಜೂನ್ ಜುಲೈ ಹೊತ್ತಿಗೆ ಕೊಯ್ಲು. ಮೊದಲ ನಾಟಿಗೆ ಕೈ ಹಾಕುವ ಹಕ್ಕು ಒಂದು ಮನೆತನದ್ದು; ಆ ಗದ್ದೆಗೆ ಸಸಿ ಬೀಳದೆ ಉಳಿದವರು ಇಳಿಯುವಂತಿರಲಿಲ್ಲ. ಕೊಯ್ಲು ಮುಗಿದರೂ ಗದ್ದೆ ಒಣಗಲು ಬಿಡುವುದಿಲ್ಲ. ಒಣಗಿದರೆ ಅಂಚು ಬಿರುಕು ಬಿಟ್ಟು, ಎರೆಹುಳು ಕೊರೆದು, ಮಳೆಗೆ ಗೋಡೆಯೇ ಜಾರುತ್ತದೆ. ಕಳೆಯನ್ನು ಕಿತ್ತು ಕೆಸರಿನ ಜತೆ ಗುಪ್ಪೆ ಮಾಡಿ ಅಲ್ಲೇ ಕೊಳೆಸುತ್ತಾರೆ. 1980ರ ದಶಕದಲ್ಲಿ ಆಹಾರಕ್ಕೆಂದು ದೇಶಕ್ಕೆ ತಂದ ದಕ್ಷಿಣ ಅಮೆರಿಕದ ಬಸವನಹುಳು ಈಗ ಎಳೆ ಸಸಿಯನ್ನು ಬುಡಸಮೇತ ತಿನ್ನುತ್ತದೆ. ಅದನ್ನು ಕೈಯಲ್ಲಿ ಹೆಕ್ಕಿ ತೆಗೆಯುವುದೂ ವರ್ಷದ ಕೆಲಸಗಳಲ್ಲಿ ಒಂದಾಗಿದೆ.

ಕೊಯ್ಲಿನ ದಿನ ಮಾತ್ರ ನಾನು ಪೆನ್ನು ಬದಿಗಿಟ್ಟು ನೋಡಿದೆ. ಕುಡುಗೋಲಿಲ್ಲ. ಹೆಂಗಸರು ಸಾಲಾಗಿ ನಿಂತು, ಅಂಗೈಯಲ್ಲಿ ಅಡಗುವಷ್ಟು ಸಣ್ಣ ಅಲಗಿನಿಂದ ತೆನೆತೆನೆಯಾಗಿ ಕತ್ತರಿಸುತ್ತಾರೆ. ಎಡಗೈ ತುಂಬುತ್ತಿದ್ದಂತೆ ಬಿದಿರಿನ ಸೀಳಿನಿಂದ ಒಂದು ಸುತ್ತು, ಒಂದು ಗಂಟು, ಕಟ್ಟು ಹಿಂದಕ್ಕೆ. ಕಟ್ಟುಗಳನ್ನು ಹೊತ್ತು ಅಂಚಿನ ಮೇಲೆ ನಡೆಯುವುದು ಗಂಡಸರ ಪಾಲು. ಅಂಚು ಪಾದದಷ್ಟೇ ಅಗಲ, ಒಂದು ಬದಿ ನೀರು, ಇನ್ನೊಂದು ಬದಿ ಎರಡಾಳು ಆಳ. ಕಣಜವೂ ಹಳೆಯ ಮನೆಗಳೂ ನಾಲ್ಕು ಕಂಬದ ಮೇಲೆ. ಇಲಿ ಹತ್ತದಂತೆ ಕಂಬದ ತಲೆಗೆ ಮರದ ಬಿಲ್ಲೆ.

ಹಿಂದೆ ಇಂಥ ಕೊಯ್ಲಿನಲ್ಲಿ ಹುಧುಧ್ ಹಾಡುತ್ತಿದ್ದರು. ಒಬ್ಬಾಕೆ ಕಥೆ ಎತ್ತಿದರೆ ಉಳಿದವರು ಸೊಲ್ಲು ಹಿಡಿಯುವ ದೀರ್ಘ ಕಾವ್ಯ. ವೀರ ಅಲಿಗುಯೊನ್ ಅದರ ನಾಯಕ. ಬೆಲ್ಜಿಯಂ ಪಾದ್ರಿ ಫ್ರಾನ್ಸಿಸ್ ಲಾಂಬ್ರೆಕ್ಟ್ ಇವನ್ನು ಬರೆದಿಟ್ಟರು, 2001ರಲ್ಲಿ ಯುನೆಸ್ಕೋ ಗೌರವವೂ ಬಂತು. ನಾನಿದ್ದ ಗದ್ದೆಯಲ್ಲಿ ಮೊಬೈಲಿನಿಂದ ಕಂಟ್ರಿ ಸಂಗೀತ ಬರುತ್ತಿತ್ತು. ಹುಧುಧ್ ಕೇಳಲು ಮಕ್ಕಳಿಗೆ ಕಲಿಸುವ ಕಡೆ ಹೋಗಬೇಕಾಯಿತು.

ನ್ಯಾಯದ ಕುರಿತೊಂದು ಪುಟ ಸೇರಿಸಿದ್ದು ರಾಯ್ ಬಾರ್ಟನ್ ಕಾರಣಕ್ಕೆ. ಅಮೆರಿಕನ್ ಆಡಳಿತದ ಕಾಲದಲ್ಲಿ ಇಲ್ಲಿ ಶಿಕ್ಷಕರಾಗಿದ್ದ ಅವರು 1919ರಲ್ಲಿ ಇಫುಗಾವೊ ಕಟ್ಟಳೆಗಳ ಅಧ್ಯಯನ ಪ್ರಕಟಿಸಿದರು. ಆಗ ರಾಜನಿರಲಿಲ್ಲ, ನ್ಯಾಯಾಧೀಶನಿರಲಿಲ್ಲ. ಜಗಳವಾದರೆ ಮೊಂಕಲುನ್ ಎಂಬ ಮಧ್ಯಸ್ಥ ಎರಡೂ ಮನೆಗೆ ಓಡಾಡಿ, ದಂಡ ಎಷ್ಟೆಂದು ಒಪ್ಪಿಸುವವರೆಗೆ ಬಿಡುತ್ತಿರಲಿಲ್ಲ. ನಮ್ಮ ತೋಟಿಗರು ಅತಿ ಹೆಚ್ಚು ಚರ್ಚಿಸಿದ್ದು ಈ ಪುಟವನ್ನೇ. ಬೇಲಿ ವ್ಯಾಜ್ಯ ಇಲ್ಲದವರು ಅವರಲ್ಲಿ ಯಾರಿದ್ದರು!

ಬಂದ ಮೊದಲ ಪ್ರಶ್ನೆ, ‘ಎಕರೆಗೆ ಎಷ್ಟು ಕ್ವಿಂಟಲ್?’ ನಿರೀಕ್ಷಿಸಿದ್ದೇ. ಇಳುವರಿ ಕಡಿಮೆ, ಮನೆ ಬಳಕೆಗೇ ಹಲವರು ಬಯಲಿನ ಅಕ್ಕಿ ಕೊಳ್ಳುತ್ತಾರೆ. 1966ರಲ್ಲಿ ಲಾಸ್ ಬಾನ್ಯೋಸ್‌ನಿಂದ ಹೊರಬಂದ, ಹೆಚ್ಚು ಇಳುವರಿಯ ಐಆರ್8 ಭತ್ತದ ತಳಿಯನ್ನು ನಮ್ಮೂರಿನ ಗದ್ದೆಯಲ್ಲೇ ಕಂಡಿದ್ದ ಹಿರಿಯರಿಗೆ ಇದು ವಿಚಿತ್ರವೆನಿಸಿತು.

ಎರಡನೇ ಪ್ರಶ್ನೆಗೆ ನನ್ನ ಬರಹದಲ್ಲಿ ಅರ್ಧ ಉತ್ತರವಿತ್ತು: ಕುಸಿದ ಗೋಡೆಯನ್ನು ಕಟ್ಟುವವರು ಯಾರು? ಉಬ್ಬು ಎಂಬ ಪದ್ಧತಿ ಇದೆ, ಇವತ್ತು ನನಗೆ ನೀನು, ನಾಳೆ ನಿನಗೆ ನಾನು, ನಮ್ಮ ಮುಯ್ಯಾಳೇ. ಆದರೆ ಕಟ್ಟಳೆಯಂತೆ ಒಳ್ಳೆಯ ಗದ್ದೆ ಚೊಚ್ಚಲ ಮಗುವಿಗೆ, ಗಂಡಾಗಲಿ ಹೆಣ್ಣಾಗಲಿ. ಕಿರಿಯರು ಬಾಗಿಯೊಗೋ ಮನಿಲಾಕ್ಕೋ ಹೊರದೇಶಕ್ಕೋ ಹೋಗುತ್ತಾರೆ. ಮುಯ್ಯಿ ತೀರಿಸಲು ಕೈಗಳೇ ಇಲ್ಲ. 2001ರಿಂದ 2012ರವರೆಗೆ ಯುನೆಸ್ಕೋ ಈ ಗದ್ದೆಗಳನ್ನು ಅಪಾಯದ ಪಟ್ಟಿಯಲ್ಲಿ ಇಟ್ಟಿದ್ದಕ್ಕೆ ಪಾಳುಬಿದ್ದ ಗದ್ದೆಗಳೂ ಒಂದು ಕಾರಣ. ನಮಗೆ ಊಟ ಹಾಕಿದ ಮನೆಯ ಯಜಮಾನಿ, ಸ್ವತಃ ಚೊಚ್ಚಲ ಮಗಳು, ಲೆಕ್ಕ ಹೇಳಿದರು: ಕಳೆದ ಮಳೆಯಲ್ಲಿ ಬಿದ್ದ ಗೋಡೆಗೆ ಕೂಲಿ ಕೊಟ್ಟ ಹಣದಲ್ಲಿ ಆ ಗದ್ದೆಯ ಅಕ್ಕಿಯನ್ನು ಪೇಟೆಯಿಂದ ಹಲವು ವರ್ಷ ತರಬಹುದಿತ್ತಂತೆ. ಹಣ ಕಳಿಸಿದ್ದು ವಿದೇಶದಲ್ಲಿರುವ ತಮ್ಮ, ಗದ್ದೆಯಲ್ಲಿ ಒಂದಡಿಯೂ ಪಾಲಿಲ್ಲದವನು.