ಗುಜರಿ ಕಬ್ಬಿಣ ನುಡಿಸೋದು ಹೇಗೆ: ಬ್ಲಿಕ್ಸಾ ಬಾರ್ಗೆಲ್ಡ್ ಹಾದಿ ಹಿಡಿಯೋರಿಗೆ

ವಾದ್ಯ ಕೊಳ್ಳೋಕೆ ಕಾಸಿಲ್ಲ ಅಂತ ಕೂರಬೇಡಿ. 1980ರಲ್ಲಿ ಪಶ್ಚಿಮ ಬರ್ಲಿನ್‌ನಲ್ಲಿ ಬ್ಲಿಕ್ಸಾ ಬಾರ್ಗೆಲ್ಡ್ ಅನ್ನೋ ಜರ್ಮನ್ ಸಂಗೀತಗಾರ 'ಐನ್‌ಸ್ಟ್ಯುರ್ಟ್ಸೆಂಡೆ ನೊಯ್‌ಬೌಟನ್' ತಂಡ ಕಟ್ಟಿದ. ಜೊತೆಗಾರ ಎನ್.ಯು. ಉನ್‌ರು ಕೈಯಲ್ಲಿ ದುಡ್ಡಿಲ್ಲದೆ ಡ್ರಮ್ ಸೆಟ್ಟನ್ನೇ ಮಾರಿ, ಕಟ್ಟಡ ಕೆಲಸದ ಜಾಗಗಳಿಂದ ಕಬ್ಬಿಣ ಹೊತ್ತು ತಂದ. ಅದೇ ಜೂನ್‌ನಲ್ಲಿ ಇಬ್ಬರೂ ಹೆದ್ದಾರಿ ಸೇತುವೆಯೊಂದರ ಪೊಳ್ಳಿನೊಳಗೆ ತೂರಿಕೊಂಡು ಬಡಿದು ರೆಕಾರ್ಡ್ ಮಾಡಿದರು. ನೀವು ಮಾತ್ರ ದುಡ್ಡು ಕೊಟ್ಟೇ ತನ್ನಿ, ಇದು ಮಂಡ್ಯ.

ಗುಜರಿ ಅಂಗಡಿಗೆ ಹೋಗುವಾಗ ಜೇಬಲ್ಲಿ ಒಂದು ದಪ್ಪ ಬೋಲ್ಟ್ ಇರಲಿ. ನಾನು ಗುತ್ತಲು ರಸ್ತೆ ಕಡೆ ಹೋದರೆ ತೂಕ ಕೇಳೋಕ್ ಮುಂಚೆ ತಟ್ಟಿ ನೋಡ್ತೀನಿ. ತಗಡು ಸದ್ದು ಮಾಡುತ್ತೆ, ಆದರೆ ಬೇಗ ಬೇಜಾರಾಗುತ್ತೆ. ದಪ್ಪ ಗೋಡೆಯ ಪೈಪು ಹುಡುಕಿ. ಆಲೆಮನೆಯಿಂದ ಬಂದ ಹಳೇ ಕೊಪ್ಪರಿಗೆ ಸಿಕ್ಕಿದರೆ ಚೌಕಾಸಿ ಮಾಡದೆ ತಗೊಳ್ಳಿ. ಅಂಚಿಗೊಂದು, ತಳಕ್ಕೊಂದು ದನಿ.

ಪೈಪನ್ನು ತುದಿಗೆ ಕಟ್ಟಿ ನೇತು ಹಾಕಿದರೆ ದನಿ ಸಾಯುತ್ತೆ. ಎರಡೂ ತುದಿಯಿಂದ ಉದ್ದದ ಶೇ. 22ರಷ್ಟು ಒಳಗೆ ಕಟ್ಟಿ: ಒಂದು ಮೀಟರ್ ಪೈಪಾದರೆ 22 ಸೆಂ.ಮೀ. ಆ ಜಾಗದಲ್ಲಿ ಪೈಪು ಅದುರೋದೇ ಇಲ್ಲ, ಹಾಗಾಗಿ ಹಗ್ಗ ದನಿಯನ್ನು ನುಂಗಲ್ಲ. ಹೊಡೆಯೋದು ನಡುವೆ. ಪೈಪನ್ನು ಅರ್ಧಕ್ಕೆ ಕೊಯ್ದರೆ ಶ್ರುತಿ ಎರಡು ಸ್ಥಾಯಿ ಏರುತ್ತೆ. ಅರ್ಧಕ್ಕೆ ಒಂದೇ ಸ್ಥಾಯಿ ಅನ್ನೋ ಕೊಳಲಿನ ಲೆಕ್ಕ ಇಲ್ಲಿ ನಡೆಯಲ್ಲ, ಅದಕ್ಕೇ ಗ್ರೈಂಡರ್ ಹಿಡಿದಾಗ ಸ್ವಲ್ಪ ಸ್ವಲ್ಪವೇ ಕೊಯ್ಯಿ.

ಉದ್ದನೆ ಕಾಯಿಲ್ ಸ್ಪ್ರಿಂಗ್ ಸಿಕ್ಕಿದರೆ ಇನ್ನೂ ಮಜಾ. ಬಾರ್ಗೆಲ್ಡ್ ತಂಡದಲ್ಲಿದ್ದ ಎಫ್.ಎಂ. ಐನ್‌ಹೈಟ್ ಸ್ಪ್ರಿಂಗ್ ನುಡಿಸಿಯೇ ಹೆಸರಾದವನು. ಅದಕ್ಕೆ 27 ಮಿ.ಮೀ. ಪೀಜೋ ಬಿಲ್ಲೆ (ಅದುರನ್ನು ವಿದ್ಯುತ್ ಮಾಡೋ ತೆಳು ಬಿಲ್ಲೆ) ಅಂಟಿಸಿ, ವೈರ್ ಬೆಸೆದು, ಗಿಟಾರ್ ಆಂಪ್ಲಿಫೈಯರ್‌ಗೆ ಕೊಡಿ. ಸಾಮಾನ್ಯ ಮೈಕ್ ಸಾಕೆಟ್ಟಿಗೆ ಹಾಕಿದರೆ ಕೆಳಗಿನ ಸ್ವರವೆಲ್ಲ ಸೋರಿಹೋಗುತ್ತೆ.

ಈಗ ಕಷ್ಟದ ಭಾಗ: ಹೊಡೆಯದೆ ಇರೋದು. 1984ರ ಜನವರಿ 3ರಂದು ಲಂಡನ್ನಿನ ಐಸಿಎ ಅನ್ನೋ ಕಲಾ ಕೇಂದ್ರದಲ್ಲಿ ತಂಡದವರು ಡ್ರಿಲ್ ಹಾಕಿ ವೇದಿಕೆಯನ್ನೇ ಕೊರೆಯತೊಡಗಿ, ಅಲ್ಲಿನವರು ಕಾರ್ಯಕ್ರಮ ನಿಲ್ಲಿಸಿದ ಕಥೆ ಎಲ್ಲರೂ ಹೇಳ್ತಾರೆ. ಕಲಿಯೋರಿಗೆ ಅದರಿಂದ ಪ್ರಯೋಜನ ಕಮ್ಮಿ ಅಂತ ನನ್ನ ಲೆಕ್ಕ. ಮೊದಲು ತಂಡದ 1981ರ ಆಲ್ಬಂ 'ಕೊಲಾಪ್ಸ್' ಕೇಳಿ, ತಲೆ ನೋಯಲಿ. ಆಮೇಲೆ 1985ರ 'ಹಾಲ್ಬರ್ ಮೆನ್ಶ್'. ಅಲ್ಲಿಂದ ನೇರ 2000ದ 'ಸೈಲೆನ್ಸ್ ಈಸ್ ಸೆಕ್ಸಿ'ಗೆ ಹಾರಿ: ಶೀರ್ಷಿಕೆ ಗೀತೆಯಲ್ಲಿ ಸಿಗರೇಟು ಎಳೆಯೋ ಸದ್ದೇ ವಾದ್ಯ. ಇದೇ ಬಾರ್ಗೆಲ್ಡ್ ಆಸ್ಟ್ರೇಲಿಯಾದ ಗಾಯಕ ನಿಕ್ ಕೇವ್ ತಂಡದಲ್ಲಿ 2003ರವರೆಗೆ ಸುಮಾರು 20 ವರ್ಷ ಗಿಟಾರ್ ಹಿಡಿದಿದ್ದ; ಅಲ್ಲೂ ನುಡಿಸಿದ್ದಕ್ಕಿಂತ ಬಿಟ್ಟಿದ್ದೇ ಹೆಚ್ಚು.

ತಮಟೆ ಕೈ ಇರೋರಿಗೆ ಈ ಬಿಡೋದು ಸುಲಭಕ್ಕೆ ಬರಲ್ಲ, ನನಗಂತೂ ಕೈ ತುರಿಸುತ್ತೆ. ಒಂದು ಪೆಟ್ಟು ಹಾಕಿ, ಅದರ ಅದುರು ಪೂರ್ತಿ ಆರಿದ ಮೇಲೇ ಇನ್ನೊಂದು. ವಾರಪೂರ್ತಿ ಅಷ್ಟೇ ಅಭ್ಯಾಸ ಮಾಡಿ. ಫೋನಲ್ಲಿ ರೆಕಾರ್ಡ್ ಮಾಡಿ ಮಾರನೇ ದಿನ ಕೇಳಿ, ಅರ್ಧಕ್ಕರ್ಧ ಅಳಿಸಿ.

ಕಿವಿಗೆ ಹತ್ತಿ ಸಾಲದು, ಕಾರ್ಖಾನೆಯವರು ಹಾಕೋ ಇಯರ್ ಮಫ್ ತಗೊಳ್ಳಿ. ಕೊಯ್ದ ಪೈಪಿನ ಅಂಚು ಅರ ಹಾಕಿ ಉಜ್ಜಿ. ಮನೆ ಒತ್ತೊತ್ತಾಗಿರೋ ಬೀದಿಯಾದರೆ ಸಂಜೆ ಏಳಕ್ಕೇ ನಿಲ್ಲಿಸಿ, ಪಕ್ಕದ ಮನೆಯವರಿಗೆ ಬಾರ್ಗೆಲ್ಡ್ ಯಾರು ಅಂತ ಗೊತ್ತಿರಲ್ಲ.