ಏಳು ಕೆಜಿಯೊಳಗೆ ಐದು ದಿನದ ಕಡಲು

ಅಂಡಮಾನಿಗೆ ಹೊರಡಲು ಇನ್ನೂ ನಾಲ್ಕು ದಿನ ಇರುವಾಗಲೇ ನಮ್ಮ ಮನೆಯ ಮಂಚದ ಮೇಲೆ ಬಟ್ಟೆಯ ಗುಡ್ಡೆ ಬಿದ್ದಿತ್ತು. ನಾನು, ಯಜಮಾನರು, ಹನ್ನೊಂದು ವರ್ಷದ ಮಗ, ಅರವತ್ತೆಂಟರ ಅತ್ತೆ. ಅತ್ತೆಯ ಕೈಯಲ್ಲಿ ಒಂದು ರೇಷ್ಮೆ ಸೀರೆ. "ಇರಲಿ ಕಣಮ್ಮ, ಎಲ್ಲಾದ್ರೂ ದೇವಸ್ಥಾನ ಸಿಕ್ಕಿದ್ರೆ?" ಮಗನ ಕೈಯಲ್ಲಿ ಎರಡನೇ ಜೊತೆ ಶೂ. ನನ್ನ ಕೈಯಲ್ಲಿ ದಪ್ಪನೆಯ ಸ್ನಾನದ ಟವೆಲ್. ಬ್ಯಾಗು ಭಾರವಾಗುವುದು ಬೇಕಾದ ವಸ್ತುಗಳಿಂದಲ್ಲ, ಈ "ಇರಲಿ"ಗಳಿಂದ.

ಅದಕ್ಕೆ ಎರಡು ವರ್ಷ ಹಿಂದೆ ಬೇರೊಂದು ಊರಿಗೆ ಹೋಗುವಾಗ ವಿಮಾನ ನಿಲ್ದಾಣದ ಕೌಂಟರಿನಲ್ಲಿ ವಿಮಾನದೊಳಗೆ ಜೊತೆಗೇ ಒಯ್ಯುವ, ಏಳು ಕೆಜಿ ಮೀರಬಾರದ ನನ್ನ ಕ್ಯಾಬಿನ್ ಬ್ಯಾಗು 9 ಕೆಜಿ 400 ಗ್ರಾಂ ತೂಗಿತ್ತು. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿರುವಾಗ ನೆಲದ ಮೇಲೆ ಬ್ಯಾಗು ಬಿಚ್ಚಿ ಸಾಮಾನು ಹಂಚಿದೆವು, ಆಮೇಲೂ ದುಡ್ಡು ಕಟ್ಟಿದೆವು. ದುಡ್ಡು ಹೋದದ್ದಕ್ಕಿಂತ ಹೆಚ್ಚು ಬೇಸರವಾದದ್ದು ಮನೆಗೆ ಬಂದ ಮೇಲೆ. ಹಾಗೆ ಹೊತ್ತೊಯ್ದ ಬಟ್ಟೆಗಳಲ್ಲಿ ಅರ್ಧದಷ್ಟರ ಮಡಿಕೆಯನ್ನೂ ಬಿಚ್ಚಿರಲಿಲ್ಲ.

ಈ ಸಲ ನಾಲ್ವರೂ ತಲೆಗೊಂದು ಬ್ಯಾಗಿನಂತೆ ಹೋಗಿ ಬಂದೆವು, ಕೌಂಟರಿನಲ್ಲಿ ಒಪ್ಪಿಸುವ ಚೆಕ್-ಇನ್ ಲಗೇಜ್ ಇಲ್ಲದೆ. ಬದಲಾಯಿಸಿದ್ದು ಒಂದೇ ಲೆಕ್ಕ. ಎಷ್ಟು ದಿನ ಇರುತ್ತೇವೆ ಎಂದು ಬಟ್ಟೆ ಎಣಿಸುವುದನ್ನು ಬಿಟ್ಟು, ಯಾವ ಬಟ್ಟೆ ಎಷ್ಟು ಹೊತ್ತಿಗೆ ಒಣಗುತ್ತದೆ ಎಂದು ನೋಡಿದೆವು. ಕಡಲ ತೀರದಲ್ಲಿ ಹಗಲೆಲ್ಲ ಒದ್ದೆ ಬಟ್ಟೆಯಲ್ಲೇ ಇರುತ್ತೇವಲ್ಲ, ಅಲ್ಲಿ ನಡೆಯುವುದು ಈ ಲೆಕ್ಕ ಮಾತ್ರ.

ಮೊದಲು ಖಾಲಿ ಬ್ಯಾಗನ್ನೇ ತೂಗಿ

ದೇಶದೊಳಗಿನ ವಿಮಾನಗಳಲ್ಲಿ ಎಕಾನಮಿ ಪ್ರಯಾಣಿಕರಿಗೆ ಸಾಮಾನ್ಯವಾಗಿ ಸಿಗುವುದು 7 ಕೆಜಿಯ ಒಂದು ಕ್ಯಾಬಿನ್ ಬ್ಯಾಗು. ಅಳತೆ 55×35×25 ಸೆಂ.ಮೀ., ಮೂರನ್ನೂ ಕೂಡಿಸಿದರೆ 115. ಚಕ್ರ, ಹಿಡಿ ಎಲ್ಲ ಈ ಅಳತೆಯೊಳಗೇ ಬರಬೇಕು. ಟಿಕೆಟ್ಟಿನಲ್ಲಿ ನಿಮ್ಮ ಕಂಪನಿಯ ಲೆಕ್ಕ ಬರೆದಿರುತ್ತದೆ, ಒಮ್ಮೆ ಓದಿಕೊಳ್ಳಿ.

ಗಟ್ಟಿ ಮೈಯ ಟ್ರಾಲಿ ಖಾಲಿಯಿದ್ದಾಗಲೇ ಎರಡೂವರೆ, ಮೂರು ಕೆಜಿ ತೂಗುತ್ತದೆ. ಒಂದು ಕರವಸ್ತ್ರ ಹಾಕುವ ಮೊದಲೇ ನಿಮ್ಮ ಪಾಲಿನ ಹತ್ತಿರ ಹತ್ತಿರ ಅರ್ಧ ಹೋಯಿತು. 35–40 ಲೀಟರಿನ ಮೆತ್ತನೆಯ ಬೆನ್ನುಚೀಲ ಒಂದು ಕೆಜಿ ಆಸುಪಾಸು ಇರುತ್ತದೆ. ಮೇಲಾಗಿ ಮರಳಿನಲ್ಲಿ ಚಕ್ರ ಉರುಳುವುದಿಲ್ಲ. ಜೆಟ್ಟಿಯ ಮೆಟ್ಟಿಲು, ಹಡಗಿನ ಏಣಿ ಬಂದಾಗ ಟ್ರಾಲಿಯನ್ನು ನಾವೇ ಎತ್ತಿಕೊಂಡು ನಡೆಯಬೇಕು. ಅತ್ತೆಗೆ ಬೆನ್ನುಚೀಲ ಒಗ್ಗುತ್ತದೋ ಇಲ್ಲವೋ ಎಂಬ ಅನುಮಾನವಿತ್ತು. ಅವರ ಬ್ಯಾಗನ್ನು ಐದು ಕೆಜಿಗೆ ನಿಲ್ಲಿಸಿದೆವು, ಆರಾಮವಾಗಿ ಹೊತ್ತರು.

ಮನೆಯಲ್ಲಿ ಕೊಕ್ಕೆಯ ಡಿಜಿಟಲ್ ತಕ್ಕಡಿ ಇಲ್ಲದಿದ್ದರೆ, ತೂಕದ ಯಂತ್ರದ ಮೇಲೆ ಬ್ಯಾಗು ಹೊತ್ತು ಒಮ್ಮೆ, ಇಳಿಸಿ ಒಮ್ಮೆ ನಿಂತು ಕಳೆಯಿರಿ. ಮನೆಯಲ್ಲಿ ಆರು ಕೆಜಿ ದಾಟಬಾರದು. ಉಳಿದ ಒಂದು ಕೆಜಿ ವಾಪಸು ಬರುವಾಗಿನ ಒದ್ದೆ ಬಟ್ಟೆಗೆ ಬೇಕಾಗುತ್ತದೆ.

ಬಟ್ಟೆ: ಒಣಗುವ ಹೊತ್ತನ್ನು ನೋಡಿ

ಹೊರಡುವ ವಾರದ ಮೊದಲೇ ಒಂದು ಪರೀಕ್ಷೆ ಮಾಡಿ. ಒಯ್ಯಬೇಕೆಂದಿರುವ ಬಟ್ಟೆಗಳನ್ನೆಲ್ಲ ಸಂಜೆ ಏಳಕ್ಕೆ ಒಗೆದು, ಕೈಯಲ್ಲೇ ಹಿಂಡಿ, ಮನೆಯೊಳಗೆ ಫ್ಯಾನಿನ ಕೆಳಗೆ ಹರವಿ. ಬೆಳಿಗ್ಗೆ ಆರಕ್ಕೆ ಕಂಕುಳಿನ ಹೊಲಿಗೆ, ಸೊಂಟದ ಪಟ್ಟಿ, ಜೇಬು ಮುಟ್ಟಿ ನೋಡಿ. ಅಲ್ಲಿ ತಂಪು ಉಳಿದಿದ್ದರೆ ಆ ಬಟ್ಟೆ ಮನೆಯಲ್ಲೇ ಇರಲಿ. ನನ್ನ ಎರಡು ಜೀನ್ಸ್ ಹಾಗೆ ಮನೆಯಲ್ಲೇ ಉಳಿದವು, ಮಗನ ದಪ್ಪ ಹತ್ತಿ ಟೀಶರ್ಟುಗಳೂ.

ಹತ್ತಿ ನಮಗೆಲ್ಲ ಪ್ರೀತಿಯ ಬಟ್ಟೆ, ಬಿಸಿಲಿಗೆ ಹಿತ. ಆದರೆ ಅದು ನೀರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಜವಳಿಯವರ ಲೆಕ್ಕದಲ್ಲಿ ಸಾಧಾರಣ ಗಾಳಿಯಲ್ಲಿ ಹತ್ತಿಯ ನೂಲು ತನ್ನ ತೂಕದ ಶೇ 8.5ರಷ್ಟು ತೇವ ಹಿಡಿದಿಟ್ಟುಕೊಂಡರೆ ಪಾಲಿಯೆಸ್ಟರ್ ಹಿಡಿಯುವುದು ಶೇ 0.4 ಮಾತ್ರ. ಹಾಗೆಂದು ಎಲ್ಲವೂ ಪಾಲಿಯೆಸ್ಟರ್ ಆಗಬೇಕಿಲ್ಲ. ನೀರಿಗಿಳಿಯಲು ಪಾಲಿಯೆಸ್ಟರ್, ಸಂಜೆ ಊಟಕ್ಕೆ, ಮಲಗಲು ತೆಳು ಹತ್ತಿ. ಹತ್ತಿಯಾದರೂ ಬೆಳಕಿಗೆ ಹಿಡಿದರೆ ಆಚೆಕಡೆ ಮಸುಕಾಗಿ ಕಾಣುವಷ್ಟು ತೆಳುವಾಗಿರಬೇಕು.

ಒಬ್ಬೊಬ್ಬರಿಗೆ ನಮ್ಮ ಪಟ್ಟಿ ಹೀಗಿತ್ತು. ನೀರಿಗಿಳಿಯಲು ತುಂಬುತೋಳಿನ ಈಜಿನ ಅಂಗಿ ಒಂದು, ಮೊಣಕಾಲವರೆಗಿನ ಚಡ್ಡಿ ಅಥವಾ ಲೆಗ್ಗಿಂಗ್ಸ್ ಒಂದು. ಹೊರಗೆ ತಿರುಗಲು ಮೇಲಂಗಿ ಎರಡು, ಪ್ಯಾಂಟು ಒಂದು. ರಾತ್ರಿಗೆ ಒಂದು ಜೊತೆ. ಒಳಉಡುಪು ಮೂರು ಜೊತೆ. ಇದರ ಮೇಲೆ ವಿಮಾನದಲ್ಲಿ ಮೈಮೇಲಿರುವ ಒಂದು ಜೊತೆ. ಐದು ದಿನಕ್ಕೂ ಇಷ್ಟೇ, ಹತ್ತು ದಿನವಾಗಿದ್ದರೂ ಇಷ್ಟೇ. ಡಿಸೆಂಬರಿನಲ್ಲೂ ಅಲ್ಲಿ ಚಳಿಯಿಲ್ಲ, ಸ್ವೆಟರ್ ಬೇಡ. ವಿಮಾನದ, ಹಡಗಿನ ಎಸಿಗೆ ಒಂದು ತೆಳು ಶಾಲು ಸಾಕು.

ಅತ್ತೆಯ ಸೀರೆಯ ವಿಚಾರದಲ್ಲಿ ನಾನು ಸ್ವಲ್ಪ ಹೊತ್ತು ಕೂತು ಮಾತಾಡಿದೆ. ಹಿರಿಯರ ಉಡುಗೆ ಬದಲಿಸಿ ಬ್ಯಾಗು ಹಗುರ ಮಾಡುವುದು ನನಗೆ ಸರಿ ಕಾಣಲಿಲ್ಲ. ಸೀರೆಯೇ ಇರಲಿ, ಆದರೆ ಯಾವ ಸೀರೆ? ಅಲಮಾರಿನಿಂದ ಎರಡು ಪೂನಂ ಸೀರೆ ಅವರೇ ತೆಗೆದರು, ಮುಷ್ಟಿಯಲ್ಲಿ ಹಿಡಿಯುವಷ್ಟಾಗುತ್ತವೆ. ಉಟ್ಟು ಹೊರಟದ್ದು ವಾಯಲ್. ರಾಧಾನಗರ ಬೀಚಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಸೂರ್ಯ ಮುಳುಗುವುದನ್ನು ನೋಡಿದರು. ನೆರಿಗೆಯೆಲ್ಲ ಒದ್ದೆ. ರಾತ್ರಿ ಊಟದ ಹೊತ್ತಿಗೆ ಅದು ಒಣಗಿತ್ತು. ರೇಷ್ಮೆಗೆ ಉಪ್ಪುನೀರು ತಾಕಿದರೆ ಆ ಮಾತಿಲ್ಲ.

ಟವೆಲ್ಲಿನದು ಇನ್ನೂ ಸುಲಭ. ದಪ್ಪನೆಯ ಸ್ನಾನದ ಟವೆಲ್ ಒಣಗಿದ್ದಾಗಲೇ ಅರ್ಧ ಕೆಜಿ, ಒದ್ದೆಯಾದರೆ ಎತ್ತಲೂ ಬೇಸರ. ನಮ್ಮ ಕಡೆಯ ಪಾಣಿಪಂಚೆ, ಮಂಗಳೂರಿನವರ ಬೈರಾಸು, ಇವೇ ಕಡಲಿಗೆ ಹೇಳಿ ಮಾಡಿಸಿದವು. ಮೈ ಒರೆಸಬಹುದು, ಮರಳಿನ ಮೇಲೆ ಹಾಸಬಹುದು, ಬಿಸಿಲಿಗೆ ತಲೆಗೆ ಸುತ್ತಬಹುದು, ಒದ್ದೆ ಬಟ್ಟೆ ಬದಲಿಸುವಾಗ ಸುತ್ತಿಕೊಳ್ಳಬಹುದು. ತಲಾ ಒಂದರಂತೆ ಇಟ್ಟೆವು. ಕರಾವಳಿಯ ಜನ ತಲೆತಲಾಂತರದಿಂದ ತೆಳು ಬಟ್ಟೆ ಬಳಸಿಕೊಂಡು ಬಂದದ್ದು ಸುಮ್ಮನಲ್ಲ, ಆ ಗಾಳಿಯಲ್ಲಿ ದಪ್ಪ ಬಟ್ಟೆ ಒಣಗುವುದಿಲ್ಲ ಎಂಬುದು ಅವರಿಗೆ ಗೊತ್ತು.

ಕ್ರೀಮಿನ ಬದಲು ತೋಳು

ತುಂಬುತೋಳಿನ ಈಜಿನ ಅಂಗಿಗೆ ಅಂಗಡಿಯವರು ರ‍್ಯಾಶ್ ಗಾರ್ಡ್ ಎನ್ನುತ್ತಾರೆ. ಇನ್ನೂರು ಗ್ರಾಂ ಆಸುಪಾಸು. ಇದನ್ನು ಕೊಳ್ಳುವುದು ದಂಡವೆಂದು ಮೊದಲು ಅನ್ನಿಸಿತ್ತು, ಲೆಕ್ಕ ಹಾಕಿದ ಮೇಲೆ ಮನಸ್ಸು ಬದಲಾಯಿತು. ಸನ್‌ಸ್ಕ್ರೀನ್ ಸರಿಯಾಗಿ ಕೆಲಸ ಮಾಡಬೇಕಾದರೆ ಒಂದು ಚದರ ಸೆಂ.ಮೀ. ಚರ್ಮಕ್ಕೆ 2 ಮಿ.ಗ್ರಾಂ ಬೇಕು. ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿ.ಲೀ. ಆಯಿತು. ನೀರಿಗಿಳಿದು ಬಂದ ಮೇಲೆ ಮತ್ತೆ ಹಚ್ಚಬೇಕು. ದಿನಕ್ಕೆ ಎರಡು ಸಲವೆಂದರೂ ಐದು ದಿನಕ್ಕೆ ಒಬ್ಬರಿಗೇ 300 ಮಿ.ಲೀ. ತೋಳು, ಬೆನ್ನು, ತೊಡೆ ಬಟ್ಟೆಯಲ್ಲಿ ಮುಚ್ಚಿದ್ದರೆ ಮುಖ, ಕತ್ತು, ಕೈಕಾಲಿನ ತುದಿಗೆ 100 ಮಿ.ಲೀ.ಯ ಒಂದು ಟ್ಯೂಬು ಸಾಕಾಗುತ್ತದೆ.

ಕೊಳ್ಳುವಾಗ ಜಿಂಕ್ ಆಕ್ಸೈಡ್ ಇರುವುದನ್ನು ನೋಡಿ ಕೊಳ್ಳಿ. ಆಕ್ಸಿಬೆಂಜೋನ್, ಆಕ್ಟಿನೊಕ್ಸೇಟ್ ಎಂಬ ಎರಡು ರಾಸಾಯನಿಕ ಇರುವ ಸನ್‌ಸ್ಕ್ರೀನುಗಳ ಮಾರಾಟವನ್ನು ಹವಾಯಿ ರಾಜ್ಯ ಹವಳದ ಉಳಿವಿಗಾಗಿ 2021ರಿಂದ ನಿಷೇಧಿಸಿದೆ. ಹವಳದ ದಿಬ್ಬದ ಮೇಲೆ ಈಜಲೆಂದೇ ಹೋಗುವವರು ಅದಕ್ಕೆ ವಿಷ ಸುರಿಯಬಾರದಲ್ಲವೇ.

ಕಾಲಿಗೆ ಹಿಂಬದಿ ಪಟ್ಟಿಯಿರುವ ರಬ್ಬರ್ ಸ್ಯಾಂಡಲ್ ಒಂದೇ ಸಾಕು. ಶೂ ಬೇಕೇಬೇಕೆಂದರೆ ಕಾಲಿನಲ್ಲಿ ಹಾಕಿಕೊಂಡೇ ವಿಮಾನ ಹತ್ತಿ. ನೀರಿನಡಿ ನೋಡುತ್ತ ಈಜಲು ಬೇಕಾದ ಸ್ನಾರ್ಕೆಲಿನ ಮುಖವಾಡ, ಈಜುರೆಕ್ಕೆ ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತವೆ.

ತಪಾಸಣೆಯಲ್ಲಿ ನಿಲ್ಲಿಸುವ ವಸ್ತುಗಳು

ಚೆಕ್-ಇನ್ ಇಲ್ಲವೆಂದರೆ ಎಲ್ಲವೂ ಭದ್ರತಾ ತಪಾಸಣೆಯ ಕಣ್ಣಿನ ಮುಂದೆಯೇ ಹೋಗಬೇಕು. ಚಾಕು, ಕತ್ತರಿ, ಬೆಂಕಿಪೊಟ್ಟಣ, ಲೈಟರ್ ಹೋಗುವುದಿಲ್ಲ. ನಮ್ಮ ಮನೆಗಳವರು ಎಡವುವುದು ಒಣಕೊಬ್ಬರಿಯಲ್ಲಿ. ತಿಪಟೂರಿನ ಕೊಬ್ಬರಿ ಗಿಟುಕು ಎಷ್ಟೇ ಚೆನ್ನಾಗಿದ್ದರೂ ವಿಮಾನದಲ್ಲಿ ಅದು ಅಪಾಯದ ವಸ್ತುಗಳ ಪಟ್ಟಿಯಲ್ಲಿದೆ. ಅದರಲ್ಲಿ ಎಣ್ಣೆಯಂಶ ಹೆಚ್ಚು, ಶಾಖ ಕೂಡಿಕೊಂಡರೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಎಣ್ಣೆ ತೇಲುವ ಉಪ್ಪಿನಕಾಯಿ ಬಾಟಲಿಯನ್ನೂ ಬಿಡಿ. ಚಟ್ನಿಪುಡಿ, ಕೋಡುಬಳೆ, ಹುರಿದ ಅವಲಕ್ಕಿ ನಮ್ಮ ಜೊತೆ ತಕರಾರಿಲ್ಲದೆ ಬಂದವು.

ವಿದೇಶದ ವಿಮಾನಕ್ಕೆ ದ್ರವ ಪದಾರ್ಥದ ಪ್ರತಿ ಡಬ್ಬಿಯೂ 100 ಮಿ.ಲೀ. ಒಳಗಿರಬೇಕು, ಎಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ಅವರು ನೋಡುವುದು ಡಬ್ಬಿಯ ಮೇಲೆ ಅಚ್ಚಾದ ಅಳತೆಯನ್ನು. 200 ಮಿ.ಲೀ. ಡಬ್ಬಿಯಲ್ಲಿ ತಳಕ್ಕಿಷ್ಟು ಎಣ್ಣೆ ಉಳಿದಿದ್ದರೂ ಅದು 200ರ ಡಬ್ಬಿಯೇ. ದೇಶದೊಳಗೂ ಇದೇ ಅಳತೆ ಇಟ್ಟುಕೊಂಡರೆ ತೂಕವೂ ಇಳಿಯುತ್ತದೆ. ಶಾಂಪೂ ಬದಲು ಸೀಗೆಪುಡಿ ಒಯ್ದೆವು, ಮೈಸೋಪು ಒಂದು, ಬಟ್ಟೆಸೋಪಿನ ಅರ್ಧ ತುಂಡು. ಚೆಲ್ಲುವ ಭಯವಿಲ್ಲ.

ಪವರ್ ಬ್ಯಾಂಕ್ ಕ್ಯಾಬಿನ್ ಬ್ಯಾಗಿನಲ್ಲೇ ಇರಬೇಕೆಂಬುದು ನಿಯಮ, ಅದರ ಸಾಮರ್ಥ್ಯ 100 ವ್ಯಾಟ್-ಅವರ್ ಮೀರಬಾರದು. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್. ಇಡೀ ಕುಟುಂಬಕ್ಕೆ ಒಂದು ಸಾಕು, ಚಾರ್ಜರೂ ಒಂದೇ. ಅತ್ತೆಯ ಬಿಪಿ ಮಾತ್ರೆ, ಹಡಗಿನ ತಲೆಸುತ್ತಿನ ಮಾತ್ರೆ, ಓಆರ್‌ಎಸ್ ಪೊಟ್ಟಣ, ಡಾಕ್ಟರ ಚೀಟಿ ಒಂದು ಸಣ್ಣ ಚೀಲದಲ್ಲಿ. ಇದರಲ್ಲಿ ಮಾತ್ರ "ಇರಲಿ" ಎಂದು ಎರಡು ದಿನದ್ದು ಹೆಚ್ಚಾಗಿಯೇ ಇಡಿ.

ತುಂಬುವ ಕ್ರಮ

ಬಟ್ಟೆಗಳನ್ನು ಮಡಿಸಬೇಡಿ, ಚಾಪೆಯಂತೆ ಸುತ್ತಿ. ಒಂದು ದಿನಕ್ಕೆ ಬೇಕಾದ್ದನ್ನೆಲ್ಲ ಒಂದೇ ಸುರುಳಿಯಲ್ಲಿ ಸೇರಿಸಿದರೆ ಹುಡುಕಲು ಬ್ಯಾಗು ಕಲಕಬೇಕಿಲ್ಲ. ಭಾರದ್ದು ಬೆನ್ನಿಗೆ ತಾಗುವ ಕಡೆ, ದ್ರವದ ಚೀಲ ಎಲ್ಲಕ್ಕಿಂತ ಮೇಲೆ. ತಳದಲ್ಲಿ ಎರಡು ಗಟ್ಟಿ ಪ್ಲಾಸ್ಟಿಕ್ ಚೀಲ ಖಾಲಿಯಾಗಿಯೇ ಇರಲಿ.

ಟಿಕೆಟ್ ಹುಡುಕುವಾಗ ಒಂದು ಗಮನಿಸಿ. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಗಿದೆ, ಹ್ಯಾವ್ಲಾಕ್ 2018ರಿಂದ ಸ್ವರಾಜ್ ದ್ವೀಪ. ಎರಡೂ ಹೆಸರು ಚಾಲ್ತಿಯಲ್ಲಿವೆ.

ರಾತ್ರಿಯ ಒಗೆತ

ಇಷ್ಟು ಕಡಿಮೆ ಬಟ್ಟೆ ನಡೆಯುವುದು ದಿನವೂ ಒಗೆದರೆ ಮಾತ್ರ. ಇದಕ್ಕೆ ಅಂಡಮಾನಿನ ಸೂರ್ಯನೇ ಅನುಕೂಲ ಮಾಡಿಕೊಡುತ್ತಾನೆ. ದ್ವೀಪಗಳಿರುವುದು ಅಷ್ಟು ಪೂರ್ವದಲ್ಲಿ, ಗಡಿಯಾರ ಮಾತ್ರ ನಮ್ಮದೇ. ಡಿಸೆಂಬರಿನಲ್ಲಿ ಸಂಜೆ ಐದರ ಹೊತ್ತಿಗೆಲ್ಲ ಮುಳುಗುತ್ತಾನೆ. ಆರಕ್ಕೆ ರೂಮಿಗೆ ಬಂದು ಒಗೆದರೆ ಬೆಳಗಿನವರೆಗೆ ಹನ್ನೆರಡು ಗಂಟೆ ಸಿಗುತ್ತದೆ.

ಕಡಲಿನಿಂದ ಬಂದ ಬಟ್ಟೆಯನ್ನು ಹಾಗೇ ಹರವಿದರೆ ರಾತ್ರಿಯೆಲ್ಲ ಇದ್ದರೂ ಒಣಗುವುದಿಲ್ಲ. ನೂಲಿನಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ, ಮಳೆಗಾಲದಲ್ಲಿ ಉಪ್ಪಿನ ಭರಣಿ ಬೆವರುವುದಿಲ್ಲವೇ, ಹಾಗೆ. ಆದ್ದರಿಂದ ಮೊದಲು ಸಿಹಿನೀರಿನಲ್ಲಿ ಎರಡು ಸಲ ಜಾಲಿಸಿ, ಆಮೇಲೆ ಸೋಪು. ಸ್ನಾನ ಮಾಡುವಾಗ ಮೈಮೇಲಿದ್ದಂತೆಯೇ ಮೊದಲ ಜಾಲಾಟ ಮುಗಿಸಿದರೆ ನೀರೂ ಉಳಿಯುತ್ತದೆ. ದ್ವೀಪದಲ್ಲಿ ಸಿಹಿನೀರು ಅಗ್ಗವಲ್ಲ.

ಹಿಂಡಿದ ಮೇಲೆ ಒಣಗಿದ ಪಾಣಿಪಂಚೆಯನ್ನು ಹಾಸಿ, ಅದರ ಮೇಲೆ ಬಟ್ಟೆ ಹರಡಿ, ಎರಡನ್ನೂ ಒಟ್ಟಿಗೆ ಸುತ್ತಿ, ಎರಡು ತುದಿಗೆ ಇಬ್ಬರು ಹಿಡಿದು ತಿರುಚಿ. ಕೈ ಹಿಂಡಿದಾಗ ಬಾರದ ನೀರೆಲ್ಲ ಪಂಚೆಗೆ ಬರುತ್ತದೆ. ಆಮೇಲೆ ಪಂಚೆಯನ್ನೂ ಹಿಂಡಿ ಹರವಿ, ತೆಳುವಾದ್ದರಿಂದ ಮೊದಲು ಒಣಗುವುದು ಅದೇ. ನಾಲ್ಕು ಮೀಟರ್ ನೈಲಾನ್ ಹಗ್ಗ ಒಯ್ದಿದ್ದೆವು, ಕಿಟಕಿಯಿಂದ ಬಾಗಿಲಿಗೆ ಕಟ್ಟಿ ಫ್ಯಾನಿನ ಗಾಳಿ ತಾಗುವಂತೆ ಹಾಕುತ್ತಿದ್ದೆವು. ಎಸಿ ಇದ್ದರೆ ಇನ್ನೂ ಬೇಗ, ಅದು ಗಾಳಿಯ ತೇವ ಹೀರುತ್ತದೆ.

ಪಡುಬಿದ್ರಿಗೋ ಹೊನ್ನಾವರದ ಕಾಸರಕೋಡಿಗೋ ಹೋಗುವವರಿಗೂ ಇದೇ ಕ್ರಮ. ರೈಲಿನಲ್ಲಿ ಬ್ಯಾಗು ತೂಗುವವರಿಲ್ಲ, ಹೊರುವ ಬೆನ್ನು ಮಾತ್ರ ಅದೇ.

ವಾಪಸು ಬರುವಾಗ

ಕೊನೆಯ ದಿನ ಬೆಳಿಗ್ಗೆ ನೀರಿಗಿಳಿಯುವ ಆಸೆಯಿದ್ದರೆ ಒದ್ದೆ ಬಟ್ಟೆ ಪ್ಲಾಸ್ಟಿಕ್ ಚೀಲಕ್ಕೆ ಹೋಗುತ್ತದೆ. ಉಳಿಸಿಟ್ಟ ಒಂದು ಕೆಜಿ ಅದಕ್ಕೇ. ಹೊರಡುವ ಮುನ್ನ ಮಕ್ಕಳ ಜೇಬು ನೋಡಿ. ನಮ್ಮವನ ಜೇಬಿನಲ್ಲಿ ಮೂರು ಚಿಪ್ಪು, ಬೆರಳಿನಷ್ಟು ಒಂದು ಹವಳದ ತುಂಡು ಇತ್ತು. ದಡದಲ್ಲಿ ಬಿದ್ದಿದ್ದ ಸತ್ತ ಹವಳವೇ ಆದರೂ ಒಯ್ಯುವಂತಿಲ್ಲ, ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಹುಲಿಯಂತೆಯೇ ಮೊದಲ ಅನುಸೂಚಿಯಲ್ಲಿವೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಣ್ಣಿಗೆ ಬೀಳುತ್ತವೆ. ಖಾಲಿ ಚಿಪ್ಪನ್ನೇ ಮನೆ ಮಾಡಿಕೊಳ್ಳುವ ಸನ್ಯಾಸಿ ಏಡಿ ಆ ಚಿಪ್ಪಿಗಾಗಿ ಕಾಯುತ್ತ ಅಲ್ಲೇ ಮರಳಿನಲ್ಲಿ ಓಡಾಡುತ್ತಿರುತ್ತದೆ ಎಂದು ಮಗನಿಗೆ ಹೇಳಿದೆ. ಅವನೇ ಹೋಗಿ ಎಲ್ಲವನ್ನೂ ಅಲೆಯ ಅಂಚಿನಲ್ಲಿ ಇಟ್ಟು ಬಂದ. ಅಂಗಡಿಯಲ್ಲಿ ಕೊಂಡ ಚಿಪ್ಪಿನ ಕರಕುಶಲ ವಸ್ತುವಾದರೆ ರಸೀದಿ ಜೊತೆಗಿರಲಿ.

ಮನೆಗೆ ಬಂದ ದಿನವೇ ಬ್ಯಾಗನ್ನು ತಲೆಕೆಳಗು ಮಾಡಿ ಮರಳು ಕೊಡವಿ, ಝಿಪ್ಪುಗಳನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಸಿಹಿನೀರಿನಲ್ಲಿ ಉಜ್ಜಿ. ಉಪ್ಪು ಕೂತರೆ ಝಿಪ್ಪು ಒಂದೇ ತಿಂಗಳಿನಲ್ಲಿ ಬಿಗಿಯುತ್ತದೆ. ನೆರಳಿನಲ್ಲಿ ಬಾಯಿ ತೆರೆದು ಒಣಗಿಸಿ, ಹಲ್ಲುಗಳ ಮೇಲೆ ಮೇಣದಬತ್ತಿ ಒಮ್ಮೆ ಎಳೆದು, ಮುಚ್ಚಿ ಇಡಿ.