ವಿಮಾನ ಹತ್ತುವುದು ಹೇಗೆ: ಕಲಬುರಗಿಯ ಹಳೇ ಕಂಡಕ್ಟರ್ ಹೇಳುವ ಮಾತು

ನಾನು ಬಸ್ ಕಂಡಕ್ಟರ್ ಆಗಿದ್ದವನು. ಕೆಲಸಕ್ಕೆ ಸೇರಿದಾಗ ಕೆಎಸ್‌ಆರ್‌ಟಿಸಿ, ಆಮೇಲೆ ಈಶಾನ್ಯ ಸಾರಿಗೆ, ಬಿಡುವ ಹೊತ್ತಿಗೆ ಕಲ್ಯಾಣ ಕರ್ನಾಟಕ ಸಾರಿಗೆ. ಹೆಸರು ಏನಾದರೂ ಆಗಲಿ, ಜನ ಹೇಗೆ ಹತ್ತುತ್ತಾರೆ ಅಂತ ನೋಡುವುದೇ ನನ್ನ ಕೆಲಸ ಆಗಿತ್ತು. ಈಗ ಮಗ ದೆಹಲಿ ಕಡೆ, ಮಗಳು ಬೆಂಗಳೂರಿನಲ್ಲಿ. ಹಾಗಾಗಿ ವಿಮಾನದ ಅಭ್ಯಾಸ ಆಗಿದೆ. ನಮ್ಮ ಬ್ರಹ್ಮಪುರದ ಓಣಿಯಲ್ಲಿ ಯಾರಾದರೂ ಟಿಕೆಟ್ ತೆಗೆದರೆ ಮೊಬೈಲ್ ಹಿಡಿದುಕೊಂಡು ನಮ್ಮ ಮನೆಗೇ ಬರುತ್ತಾರೆ. "ಮಾಮಾ, ಇದರಾಗ ಊಟ ಕೊಡ್ತಾರೇನ್ರಿ? ಚೀಲಕ್ಕ ಬ್ಯಾರೆ ರೊಕ್ಕ ಏನ್ರಿ?" ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದಿಡೋಣ ಅನ್ನಿಸಿತು.

ಎಲ್ಲರೂ ಮೊದಲು ನೋಡುವುದು ಟಿಕೆಟ್ ದರ. ನಮ್ಮ ಕಡೆಯವರು ಅದಕ್ಕೂ ಮುಂಚೆ ಎಲ್ಲಿಂದ ಹತ್ತುತ್ತೇವೆ ಅಂತ ನೋಡಬೇಕು. ಕಲಬುರಗಿ ವಿಮಾನ ನಿಲ್ದಾಣ ಶುರುವಾಗಿದ್ದು 2019ರ ನವೆಂಬರ್ 22ರಂದು, ಶ್ರೀನಿವಾಸ ಸರಡಗಿ ಹತ್ತಿರ. ಆಟೋದಲ್ಲೇ ಹೋಗಬಹುದು. ಬೀದರ್‌ನದು ವಾಯುಪಡೆಯ ನಿಲ್ದಾಣ, ಅದರಲ್ಲೇ 2020ರ ಫೆಬ್ರವರಿಯಿಂದ ನಾಗರಿಕರಿಗೂ ವಿಮಾನ ಬಂತು. ಅಲ್ಲಿ ಸುಮ್ನೆ ಮೊಬೈಲ್ ಎತ್ತಿ ಫೋಟೋ ತೆಗೆಯಬೇಡಿ, ರಕ್ಷಣಾ ಜಾಗ ಅದು. ಯಾದಗಿರಿಗೆ ನಿಲ್ದಾಣವೇ ಇಲ್ಲ.

ಆದರೆ ನಮ್ಮ ನಿಲ್ದಾಣಗಳ ವಿಮಾನ ಇವತ್ತು ಇದೆ ಅಂದರೆ ಮುಂದಿನ ತಿಂಗಳೂ ಇರುತ್ತದೆ ಅಂತ ಲೆಕ್ಕ ಹಾಕಬೇಡಿ. ಉಡಾನ್ ಯೋಜನೆಯಲ್ಲಿ ಸಣ್ಣ ಊರಿನ ಮಾರ್ಗಕ್ಕೆ ಸರ್ಕಾರ ನಷ್ಟ ತುಂಬಿಕೊಡುವುದು ಮೂರು ವರ್ಷ ಮಾತ್ರ. ಆಮೇಲೆ ಸೀಟು ತುಂಬಿದರೆ ಕಂಪನಿ ಇರುತ್ತದೆ, ಇಲ್ಲದಿದ್ದರೆ ವಿಮಾನವನ್ನು ಬೇರೆ ಮಾರ್ಗಕ್ಕೆ ಹಾಕುತ್ತದೆ. ಬೀದರ್‌ನಲ್ಲಿ ಸೇವೆ ನಿಂತು ಮತ್ತೆ ಶುರುವಾಗಿದ್ದನ್ನು ನೋಡಿದ್ದೇವಲ್ಲ. ಕಲೆಕ್ಷನ್ ಇಲ್ಲದ ಶೆಡ್ಯೂಲ್ ರದ್ದಾಗುವುದು ನನಗೆ ಹೊಸದಲ್ಲ. ಹಾಗಾಗಿ ನಿಮ್ಮ ದಿನಕ್ಕೆ, ನಿಮ್ಮ ವಾರಕ್ಕೆ ವಿಮಾನ ಇದೆಯಾ ಅಂತ ಕಂಪನಿಯ ಸ್ವಂತ ಆ್ಯಪ್‌ನಲ್ಲೇ ನೋಡಿ, ಮುಂದಿನ ಟಿಕೆಟ್ ಆಮೇಲೆ ತೆಗೆಯಿರಿ.

ಇಲ್ಲಿಂದ ಸಿಗದಿದ್ದರೆ ಹೈದರಾಬಾದ್. ಅಲ್ಲಿನ ಶಂಶಾಬಾದ್ ವಿಮಾನ ನಿಲ್ದಾಣದಿಂದ ದೇಶದ ಎಲ್ಲ ಕಡೆಗೂ ವಿಮಾನ ಇವೆ, ದರವೂ ಕಡಿಮೆ. ಆದರೆ ಆ ಕಡಿಮೆ ದರಕ್ಕೆ ದಾರಿ ಖರ್ಚು ಸೇರಿಸಿ ನೋಡಿ. ಕಲಬುರಗಿಯಿಂದ ಇನ್ನೂರು ಕಿಲೋಮೀಟರಿಗೂ ಜಾಸ್ತಿ. ಇಬ್ಬರಿಗೆ ಟ್ಯಾಕ್ಸಿ ಮಾಡಿದರೆ ಟಿಕೆಟ್‌ನಲ್ಲಿ ಉಳಿಸಿದ್ದು ಹುಮನಾಬಾದ್ ದಾಟುವ ಮೊದಲೇ ಮುಗಿಯುತ್ತದೆ. ನಾಲ್ಕು ಜನ ಇದ್ದರೆ ಟ್ಯಾಕ್ಸಿ ಲಾಭವೇ. ಜಹೀರಾಬಾದ್ ಮೇಲೆ ಹೋಗಿ, ಪಟಾನ್‌ಚೆರು ಹತ್ತಿರ ಔಟರ್ ರಿಂಗ್ ರೋಡ್ ಹತ್ತಿದರೆ ಊರೊಳಗಿನ ಟ್ರಾಫಿಕ್ ತಪ್ಪುತ್ತದೆ. ಒಬ್ಬರೇ ಇದ್ದರೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ, ಹೈದರಾಬಾದ್‌ನಲ್ಲಿ ಪುಷ್ಪಕ್ ಬಸ್ ಹಿಡಿಯಿರಿ. ಅದು ಸೀದಾ ವಿಮಾನ ನಿಲ್ದಾಣಕ್ಕೇ ಹೋಗುತ್ತದೆ. ಯಾದಗಿರಿಯವರಿಗೆ ನನ್ನ ಸಲಹೆ ಬೇರೆ: ರಾತ್ರಿ ರೈಲಿಗೆ ಬೆಂಗಳೂರಿಗೆ ಹೋಗಿ. ನಿಮ್ಮ ರೈಲು ಯಲಹಂಕದಲ್ಲಿ ನಿಲ್ಲುತ್ತದೆಯಾ ನೋಡಿಕೊಳ್ಳಿ. ವಿಮಾನ ನಿಲ್ದಾಣ ಆ ಕಡೆಯೇ ಇರುವುದು, ಅಲ್ಲೇ ಇಳಿದರೆ ಮೆಜೆಸ್ಟಿಕ್‌ಗೆ ಹೋಗಿ ಮತ್ತೆ ವಾಪಸ್ ಬರುವ ದಂಡ ತಪ್ಪುತ್ತದೆ.

ಕಲಬುರಗಿಯಿಂದ ಬೆಂಗಳೂರಿಗೆ ಹಾರಿ ಅಲ್ಲಿಂದ ಮುಂದೆ ಹೋಗುವವರು ಒಂದು ವಿಷಯ ಗಮನಿಸಿ. ಬೆಂಗಳೂರಿನ ಟರ್ಮಿನಲ್ 2ರಿಂದ 2023ರ ಜನವರಿ 15ರಂದು ಹಾರಿದ ಮೊದಲ ವಿಮಾನ ಸ್ಟಾರ್ ಏರ್‌ನದು, ಬಂದದ್ದು ನಮ್ಮ ಕಲಬುರಗಿಗೆ. ಹೆಮ್ಮೆ ಪಡಿ, ಪರವಾಗಿಲ್ಲ. ಆದರೆ ಇಂಡಿಗೋ, ಆಕಾಸದ ಒಳನಾಡಿನ ವಿಮಾನಗಳು ಹೊರಡುವುದು ಟರ್ಮಿನಲ್ 1ರಿಂದ. ಎರಡು ಬೇರೆ ಬೇರೆ ಕಂಪನಿಯ ಟಿಕೆಟ್ ಆದರೆ ನೀವು ಚೀಲ ಬಿಡಿಸಿಕೊಂಡು, ಹೊರಗೆ ಬಂದು, ಶಟಲ್ ಬಸ್ಸಿನಲ್ಲಿ ಇನ್ನೊಂದು ಟರ್ಮಿನಲ್‌ಗೆ ಹೋಗಿ, ಮತ್ತೆ ಮೊದಲಿಂದ ಚೆಕ್-ಇನ್ ಮಾಡಬೇಕು, ಅಂದರೆ ಚೀಲ ಒಪ್ಪಿಸಿ ಹತ್ತುವ ಚೀಟಿ (ಬೋರ್ಡಿಂಗ್ ಪಾಸ್) ತೆಗೆದುಕೊಳ್ಳಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಕಂಪನಿ ಕೇಳುವುದಿಲ್ಲ. ನಾನಂತೂ ನಡುವೆ ನಾಲ್ಕು ಗಂಟೆ ಬಿಡುತ್ತೇನೆ. ಮಗ ನಗುತ್ತಾನೆ, ನಗಲಿ.

ಇನ್ನು ಹತ್ತುವ ವಿಷಯ. ಕಂಪನಿಗಿಂತ ಜಾಸ್ತಿ ಇದು ವಿಮಾನದ ಜಾತಿ ಮೇಲೆ ಹೋಗುತ್ತದೆ. ನಮ್ಮಂಥ ಊರಿಗೆ ಬರುವವು ಸಣ್ಣವು. ಅಲಯನ್ಸ್ ಏರ್‌ನ ಎಟಿಆರ್‌ಗೆ ರೆಕ್ಕೆಯಲ್ಲಿ ಫ್ಯಾನು, ಸುಮಾರು ಎಪ್ಪತ್ತು ಸೀಟು. ಅದನ್ನು ಹಿಂದಿನ ಬಾಗಿಲಿನಿಂದ ಹತ್ತಬೇಕು, ಮುಂದೆ ಇರುವುದು ಲಗೇಜ್ ತುಂಬುವ ಬಾಗಿಲು. ಹಾಗಾಗಿ ಕೊನೆಯ ಸಾಲಿನವರಿಗೇ ಬೇಗ ಇಳಿಯುವ ಭಾಗ್ಯ. ಮೆಟ್ಟಿಲು ನಾಲ್ಕೈದೇ, ಮೊಣಕಾಲು ನೋವಿನವರಿಗೆ ಇದೇ ಒಳ್ಳೆಯದು. ಸ್ಟಾರ್ ಏರ್‌ನ ಸಣ್ಣ ಎಂಬ್ರೇಯರ್‌ನಲ್ಲಿ ಐವತ್ತು ಸೀಟು, ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು. ಒಂಟಿ ಸೀಟು ಸಿಕ್ಕರೆ ಕಿಟಕಿಯೂ ನಿಮ್ಮದೇ, ಓಡಾಡುವ ಜಾಗವೂ ನಿಮ್ಮದೇ. ಅವರ ದೊಡ್ಡ ಎಂಬ್ರೇಯರ್‌ನಲ್ಲಿ 76 ಸೀಟು ಇವೆ. ಇವೆಲ್ಲದರಲ್ಲೂ ತಲೆ ಮೇಲಿನ ಕಪಾಟು ಚಿಕ್ಕದು. ಚಕ್ರದ ಗಟ್ಟಿ ಪೆಟ್ಟಿಗೆ ಹಿಡಿಯದೇ ಇರಬಹುದು, ಆಗ ಮೆಟ್ಟಿಲ ಹತ್ತಿರವೇ ತೆಗೆದುಕೊಂಡು ಕೆಳಗೆ ಹಾಕುತ್ತಾರೆ. ಬಟ್ಟೆ ಚೀಲ ಒಯ್ಯಿರಿ. ಔಷಧಿ, ಚಿನ್ನ, ಕಾಗದ ಪತ್ರ ಬೇರೆ ಸಣ್ಣ ಚೀಲದಲ್ಲಿ ಮೈಮೇಲೇ ಇರಲಿ.

ಹೈದರಾಬಾದ್, ಬೆಂಗಳೂರಿನಿಂದ ಹೋಗುವವು ಏರ್‌ಬಸ್, ಬೋಯಿಂಗ್. ಒಂದೊಂದರಲ್ಲಿ ನೂರಾ ಎಂಬತ್ತರ ಸುಮಾರು ಜನ. ಕಡಿಮೆ ದರದ ಕಂಪನಿಗಳು ಎಷ್ಟೋ ಸಲ ಏರೋಬ್ರಿಡ್ಜ್ (ಕಟ್ಟಡದಿಂದ ಸೀದಾ ವಿಮಾನದ ಬಾಗಿಲಿಗೆ ಹೋಗುವ ಸೇತುವೆ) ಬಿಟ್ಟು ಬಸ್ಸಿನಲ್ಲಿ ಒಯ್ದು, ಮುಂದೆ ಹಿಂದೆ ಎರಡೂ ಬಾಗಿಲಿನಿಂದ ಹತ್ತಿಸುತ್ತವೆ. ಬೇಗ ತುಂಬಿಸಿ ಬೇಗ ಹಾರಿಸಿದಷ್ಟೂ ದಿನಕ್ಕೆ ಒಂದು ಟ್ರಿಪ್ ಜಾಸ್ತಿ ಆಗುತ್ತದೆ, ಅವರ ದುಡ್ಡು ಇರುವುದೇ ಅಲ್ಲಿ. ಇಂಡಿಗೋದವರು ಮೆಟ್ಟಿಲ ಬದಲು ಇಳಿಜಾರಿನ ರ‍್ಯಾಂಪ್ ಇಡುತ್ತಾರೆ. ಗಾಲಿಕುರ್ಚಿಗೂ ವಯಸ್ಸಾದವರಿಗೂ ಅದು ನಿಜವಾಗಿ ಒಳ್ಳೆಯ ಕೆಲಸ. ಬೇರೆ ಕಂಪನಿಯಲ್ಲಿ ಎತ್ತರದ ಮೆಟ್ಟಿಲು ಬರಬಹುದು ಅಂತ ಮೊದಲೇ ತಯಾರಾಗಿರಿ. ಅವ್ವನಿಗೋ ಅಪ್ಪನಿಗೋ ನಡೆಯಲು ಕಷ್ಟ ಅಂದರೆ ಟಿಕೆಟ್ ತೆಗೆಯುವಾಗಲೇ ಗಾಲಿಕುರ್ಚಿ ಕೇಳಿ. ಹೊರಡುವುದಕ್ಕೆ 48 ಗಂಟೆ ಮುಂಚೆಯಾದರೂ ಹೇಳಿರಬೇಕು.

ಈಗ ಕ್ಯೂ. ಕೌಂಟರಿನವರು ಮೈಕ್ ಮುಟ್ಟಿದ ಕೂಡಲೇ ಅರ್ಧ ಜನ ಎದ್ದು ನಿಲ್ಲುತ್ತಾರಲ್ಲ, ಅದು ಯಾಕೆ ಅಂತ ನನಗೆ ಗೊತ್ತು. ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿದ ಜನ ನಾವು. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಲು ಶುರು ಮಾಡಿದ ಕಾಲದಲ್ಲಿ ಸೀಟ್ ನಂಬರ್ ಇರಲಿಲ್ಲ, ಓಡಿದವನಿಗೆ ಕಿಟಕಿ. ಈಗ ನಂಬರ್ ಬೋರ್ಡಿಂಗ್ ಪಾಸ್ ಮೇಲೇ ಇದೆ. ಮೊದಲು ಹತ್ತಿದರೂ ಅದೇ ಸೀಟು, ಕೊನೆಗೆ ಹತ್ತಿದರೂ ಅದೇ ಸೀಟು.

ಬಸ್ಸಿನಲ್ಲಿ ಒಯ್ಯುವಾಗ ಇನ್ನೂ ತಮಾಷೆ. ಮೊದಲು ಹತ್ತಿದವರು ಒಳಗೆ ಮೂಲೆ ಸೇರುತ್ತಾರೆ. ಕೊನೆಗೆ ಹತ್ತಿದವನು ಬಾಗಿಲ ಹತ್ತಿರ ನಿಂತು ಎಲ್ಲರಿಗಿಂತ ಮೊದಲು ಇಳಿಯುತ್ತಾನೆ. ಇಷ್ಟು ವರ್ಷ ಬಸ್ಸಿನಲ್ಲಿ ಕಳೆದ ನಾನು ಇದನ್ನು ಯಾರಿಗೂ ಹೇಳದೆ ಅನುಭವಿಸುತ್ತಿದ್ದೆ. ಬೇಗ ಹತ್ತುವುದಕ್ಕೆ ಒಂದೇ ಕಾರಣ ಇದೆ: ಕೈಚೀಲ ದೊಡ್ಡದಿದ್ದರೆ ಕಪಾಟು ತುಂಬುವ ಮೊದಲು ಇಡಬೇಕು. ಅಂಥ ಚೀಲ ಇಲ್ಲ ಅಂದರೆ ಕೂತಿರಿ, ಕ್ಯೂ ಕರಗಿದ ಮೇಲೆ ಏಳಿ.

ಒಳಗೆ ತಡ ಆಗುವುದೂ ಆ ಚೀಲಗಳಿಂದಲೇ. ಜೇಸನ್ ಸ್ಟೆಫೆನ್ ಎಂಬ ಖಗೋಳ ವಿಜ್ಞಾನಿ 2008ರಲ್ಲಿ ಇದಕ್ಕೆ ಒಂದು ಲೆಕ್ಕ ಕೊಟ್ಟರು. ಮೊದಲು ಕಿಟಕಿಯವರು, ಅದೂ ಹಿಂದಿನಿಂದ ಒಂದು ಸಾಲು ಬಿಟ್ಟು ಒಂದು ಸಾಲು. ಆಗ ಹಲವರು ಒಟ್ಟಿಗೇ ಚೀಲ ಎತ್ತಿಡಬಹುದು, ಒಬ್ಬರ ಹಿಂದೆ ಒಬ್ಬರು ಕಾಯಬೇಕಿಲ್ಲ. ಪರೀಕ್ಷೆ ಮಾಡಿದಾಗ, ಹಿಂದಿನ ಸಾಲುಗಳಿಂದ ಗುಂಪು ಗುಂಪಾಗಿ ಕರೆಯುವ ಪದ್ಧತಿಗಿಂತ ಇದು ತುಂಬಾ ಬೇಗ ಮುಗಿಯಿತು. ಆದರೆ ಗಂಡ, ಹೆಂಡತಿ, ಮಗುವನ್ನು ಬೇರೆ ಬೇರೆ ಹೊತ್ತಿಗೆ ಕರೆದರೆ ನಮ್ಮ ಜನ ಕೇಳುತ್ತಾರಾ? ಅಮೆರಿಕದ ಯುನೈಟೆಡ್ ಕಂಪನಿ 2023ರಲ್ಲಿ ಮೊದಲು ಕಿಟಕಿ, ಆಮೇಲೆ ನಡು, ಕೊನೆಗೆ ಓಡಾಡುವ ದಾರಿ ಪಕ್ಕದ ಸೀಟು ಎಂಬ ಸರಳ ಕ್ರಮ ತಂದಿತು, ಒಂದೇ ಟಿಕೆಟ್‌ನ ಮನೆಯವರನ್ನು ಒಟ್ಟಿಗೇ ಬಿಡುತ್ತದೆ. ನನಗೆ ಸರಿ ಕಂಡದ್ದು ಅದೇ.

ಕ್ಯೂಗಿಂತ ಗಡಿಯಾರದ ಮೇಲೆ ಕಣ್ಣಿಡಿ. ದೊಡ್ಡ ನಿಲ್ದಾಣಗಳಲ್ಲಿ ಇಂಡಿಗೋ, ಆಕಾಸ, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಂಥವರು ಒಳನಾಡಿನ ವಿಮಾನಕ್ಕೆ ಒಂದು ಗಂಟೆ ಮುಂಚೆ ಚೆಕ್-ಇನ್ ಮುಚ್ಚುತ್ತಾರೆ, 25 ನಿಮಿಷ ಮುಂಚೆ ಗೇಟು. ಟಿಕೆಟ್ ಮೇಲಿನ ಟೈಮು ವಿಮಾನ ಹೊರಡುವ ಟೈಮು, ನೀವು ಹತ್ತುವ ಟೈಮಲ್ಲ. ಬಸ್ಸಿನಲ್ಲಿ ನಾವು "ತಡೀರಿ, ಇನ್ನೊಬ್ರು ಬರಾಕತ್ಯಾರ" ಅಂತ ಡ್ರೈವರ್‌ಗೆ ಹೇಳುತ್ತಿದ್ದೆವು. ಇಲ್ಲಿ ಆ ಮಾತು ನಡೆಯುವುದಿಲ್ಲ. ಗೇಟ್ ನಂಬರ್ ಬದಲಾಗುತ್ತಿರುತ್ತದೆ, ಬೋರ್ಡ್ ನೋಡುತ್ತಿರಿ. ಕೆಲವು ನಿಲ್ದಾಣಗಳಲ್ಲಿ ಮೈಕಿನಲ್ಲಿ ಕೂಗುವುದೇ ಇಲ್ಲ.

ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಆಧಾರ್‌ನಲ್ಲಿ ಶರಣಬಸಪ್ಪ, ಟಿಕೆಟ್‌ನಲ್ಲಿ ಶರಣಪ್ಪ, ಮನೆಯಲ್ಲಿ ಶರಣು. ಬಾಗಿಲಲ್ಲೇ ಅಡ್ಡ ಬರುತ್ತದೆ. ಆಧಾರ್ ಮುಂದಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಟಿಕೆಟ್ ತೆಗೆಯಿರಿ. ಮೊಬೈಲ್‌ನಲ್ಲೇ ಮಾಡುವ ವೆಬ್ ಚೆಕ್-ಇನ್ ಬಾರದಿದ್ದರೆ ಹೆದರಬೇಡಿ. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡುವುದಕ್ಕೆ ಬೇರೆ ಹಣ ಕೇಳಬಾರದು ಅಂತ 2022ರಲ್ಲೇ ಕೇಂದ್ರ ಸರ್ಕಾರ ಹೇಳಿದೆ. ವೆಬ್ ಚೆಕ್-ಇನ್‌ನಲ್ಲಿ ಪರದೆ ತುಂಬಾ ದುಡ್ಡಿನ ಸೀಟುಗಳೇ ಕಾಣುತ್ತವೆ, ಅದು ವ್ಯಾಪಾರ. ಹಣ ಕೊಡದಿದ್ದರೂ ಒಂದು ಸೀಟು ಕೊಟ್ಟೇ ಕೊಡುತ್ತಾರೆ, ನಡುವಿನದು ಬರಬಹುದು ಅಷ್ಟೇ. ಒಂದೇ ಟಿಕೆಟ್‌ನಲ್ಲಿ 12 ವರ್ಷದೊಳಗಿನ ಮಗು ಇದ್ದರೆ ತಂದೆ ಅಥವಾ ತಾಯಿ ಪಕ್ಕದಲ್ಲೇ ಕೂರಿಸಬೇಕು ಅಂತ ವಿಮಾನ ಕಂಪನಿಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಂಸ್ಥೆ ಡಿಜಿಸಿಎ 2024ರಲ್ಲಿ ಕಂಪನಿಗಳಿಗೆ ಸೂಚಿಸಿದೆ.

ಚೀಲದಲ್ಲೇ ನಮ್ಮವರು ಸೋಲುವುದು. ಸಾಮಾನ್ಯವಾಗಿ ಕೆಳಗೆ ಹಾಕಲು 15 ಕೆಜಿ, ಕೈಯಲ್ಲಿ 7 ಕೆಜಿ. ಇಂಡಿಗೋ ಆ 15 ಕೆಜಿಯನ್ನು ಒಂದೇ ಚೀಲ ಅಂತ ಲೆಕ್ಕ ಹಾಕುತ್ತದೆ, ಐದೈದು ಕೆಜಿಯ ಮೂರು ಗಂಟು ನಡೆಯುವುದಿಲ್ಲ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ "ಲೈಟ್" ಅಂತ ಒಂದು ಅಗ್ಗದ ದರ ಇದೆ. ಕೈಚೀಲ ಮಾತ್ರ ಇರುವವರಿಗೆ ಅದು. ಮಗಳ ಮನೆಗೆ ಹೊರಟ ತಾಯಿಗೆ ಆ ಟಿಕೆಟ್ ತೆಗೆಯಬೇಡಿ, ಕೌಂಟರಿನಲ್ಲಿ ಚೀಲಕ್ಕೆ ಕೊಡುವ ಹಣ ಉಳಿಸಿದ್ದಕ್ಕಿಂತ ಜಾಸ್ತಿ ಆಗುತ್ತದೆ. ಮನೆಯಲ್ಲೇ ತೂಕ ಮಾಡಿ. ನಮ್ಮ ಓಣಿಯ ಕಿರಾಣಿ ಅಂಗಡಿಯವನ ತಕ್ಕಡಿ ಸಾಕು.

ಏನು ಎಲ್ಲಿ ಹಾಕಬೇಕು? ಖಡಕ್ ರೊಟ್ಟಿ ಕೈಚೀಲಕ್ಕೆ, ಡಬ್ಬಿಯಲ್ಲಿ. ಕೆಳಗೆ ಹಾಕಿದರೆ ಇಳಿದ ಮೇಲೆ ಚೂರು ತಿನ್ನಬೇಕು. ಶೇಂಗಾ ಹಿಂಡಿ, ಖಾರದ ಪುಡಿ, ಉಪ್ಪಿನಕಾಯಿ ಕೆಳಗಿನ ಚೀಲಕ್ಕೆ, ಎಣ್ಣೆ ಸೋರದ ಹಾಗೆ ಎರಡು ಪದರ ಕಟ್ಟಿ. ತೊಗರಿ ಬೇಳೆಯೂ ಕೆಳಗೇ. 2019ರಲ್ಲಿ ಜಿಐ ಪಟ್ಟ (ಇದು ಈ ಊರಿನದೇ ಎಂಬ ಸರ್ಕಾರಿ ಗುರುತು) ಬಂದ ಬೇಳೆ ಅಂತ ತಪಾಸಣೆಯವರ ಹತ್ತಿರ ಹೇಳಬಹುದು, ತೂಕ ಮಾತ್ರ ಬಿಡುವುದಿಲ್ಲ. ಒಣ ಕೊಬ್ಬರಿ ಬೇಡವೇ ಬೇಡ. ಅದರ ಎಣ್ಣೆಗೆ ಬಿಸಿ ಹಿಡಿದು ಬೆಂಕಿ ಹತ್ತುವ ಗುಣ ಇದೆ ಅಂತ ಅಪಾಯದ ಪಟ್ಟಿಯಲ್ಲಿ ಸೇರಿಸಿದ್ದಾರೆ. ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ, ಕೈಚೀಲದಲ್ಲೇ ಇರಬೇಕು. ಬೆಂಕಿಪೊಟ್ಟಣ, ಲೈಟರ್ ಎಲ್ಲೂ ಇಲ್ಲ.

ಊಟದ ಮಾತಿಗೆ ಬಂದರೆ, ಏರ್ ಇಂಡಿಯಾದಲ್ಲಿ ಟಿಕೆಟ್ ಜೊತೆಗೇ ಕೊಡುತ್ತಾರೆ. ಇಂಡಿಗೋ, ಆಕಾಸ, ಎಕ್ಸ್‌ಪ್ರೆಸ್‌ನಲ್ಲಿ ಕೊಂಡು ತಿನ್ನಬೇಕು. ನಮ್ಮ ರೊಟ್ಟಿ ಇದೆಯಲ್ಲ.

ವಿಮಾನ ತಡವಾದರೆ ಸುಮ್ನೆ ಕೂರಬೇಡಿ. ಎರಡೂವರೆ ಗಂಟೆಯೊಳಗಿನ ಪ್ರಯಾಣಕ್ಕೆ ಎರಡು ಗಂಟೆ ತಡವಾದರೆ ತಿಂಡಿ ಊಟ ಕೊಡಬೇಕು ಅಂತ ಡಿಜಿಸಿಎ ನಿಯಮ. ಆರು ಗಂಟೆಗಿಂತ ಜಾಸ್ತಿ ಅಂದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ಹಣ ವಾಪಸ್ ಕೇಳಿ. ಟೈಮಿಗೆ ಸರಿಯಾಗಿ ಬಂದರೂ ಸೀಟು ತುಂಬಿದೆ ಅಂತ ಹತ್ತಿಸದೆ, ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನವನ್ನೂ ಕೊಡದಿದ್ದರೆ ಪರಿಹಾರ ಉಂಟು. 24 ಗಂಟೆಯೊಳಗೆ ಕಳಿಸಿದರೆ ಮೂಲ ದರ ಮತ್ತು ಇಂಧನ ಶುಲ್ಕದ ಎರಡು ಪಟ್ಟು, ಹೆಚ್ಚೆಂದರೆ 10,000 ರೂಪಾಯಿ. ಅದಕ್ಕಿಂತ ತಡವಾದರೆ ನಾಲ್ಕು ಪಟ್ಟು, ಹೆಚ್ಚೆಂದರೆ 20,000. ಬಾಯಿಮಾತಿನ ಭರವಸೆ ನಂಬಬೇಡಿ, ಮೆಸೇಜ್ ಅಥವಾ ಇಮೇಲ್‌ನಲ್ಲಿ ತೆಗೆದುಕೊಳ್ಳಿ.

ಇಳಿದ ಮೇಲೆ ಚೀಲ ಹರಿದಿದ್ದರೆ, ಬರದೇ ಇದ್ದರೆ, ಬೆಲ್ಟ್ ಇರುವ ಹಾಲ್ ಬಿಟ್ಟು ಹೊರಗೆ ಬರುವ ಮೊದಲೇ ದೂರು ಬರೆಸಿ, ಅದರ ಪ್ರತಿ ಇಸಿದುಕೊಳ್ಳಿ. ಬೋರ್ಡಿಂಗ್ ಪಾಸ್‌ಗೆ ಅಂಟಿಸಿದ ಲಗೇಜ್ ಚೀಟಿಯನ್ನು ಅಲ್ಲಿಯವರೆಗೆ ಎಸೆಯಬೇಡಿ.